ಅಲ್ಲಾಹನಿಗೂ ನಮಗೂ ನಡುವಿನ ಪರದೆಗಳು

(ಶಿವಾಜಿನಗರದಲ್ಲಿ ನಡೆದ ಕುಟುಂಬ ಸಮ್ಮಿಲನವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)







ಇಂದು ನಾವು ಆಯ್ದುಕೊಂಡಿರುವ ವಿಷಯ ಹೊಸದೇನೂ ಅಲ್ಲ. ಆದರೆ ಬಹಳ ಮಂದಿ ತಮ್ಮೊಳಗೇ ಇಟ್ಟುಕೊಂಡು ಕೊರಗುವ, ಯಾರ ಮುಂದೆಯೂ ಹೇಳಿಕೊಳ್ಳದ ವಿಷಯವಿದು. ನಮಾಝ್ ಮಾಡುತ್ತೇವೆ, ಉಪವಾಸ ಆಚರಿಸುತ್ತೇವೆ, ಝಕಾತ್ ಕೊಡುತ್ತೇವೆ. ಆದರೂ ಅಲ್ಲಾಹನು ನಮಗೆ ಸಮೀಪದಲ್ಲಿದ್ದಾನೆ ಎಂಬ ಅನುಭವ ನಮಗೇಕೆ ಆಗುವುದಿಲ್ಲ? ಕೈಯೆತ್ತಿದಾಗ ಮಾತು ಏಕೆ ಹೊರಡುವುದಿಲ್ಲ? ಸಜ್ದಾದಲ್ಲಿ ಹಣೆ ನೆಲಕ್ಕೆ ತಾಗಿದ್ದರೂ ಮನಸ್ಸು ಏಕೆ ಅಂಗಡಿಯಲ್ಲೋ ಆಫೀಸಿನಲ್ಲೋ ಅಲೆದಾಡುತ್ತಿರುತ್ತದೆ?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಾವು ಮೊದಲು ನಮ್ಮ ಪರಿಸರವನ್ನು ಗಮನಿಸಬೇಕು. ನಾವು ಕುಳಿತಿರುವ ಈ ಶಿವಾಜಿನಗರದಲ್ಲಿ ಓ.ಪಿ.ಎಚ್. ರಸ್ತೆಯ ಜುಮ್ಮಾ ಮಸೀದಿಯ ಅಝಾನ್ ಮುಗಿಯುವ ಮುನ್ನವೇ ಮತ್ತೊಂದು ಮಸೀದಿಯ ಅಝಾನ್ ಆರಂಭವಾಗುತ್ತದೆ. ರಸೆಲ್ ಮಾರ್ಕೆಟಿನ ಸುತ್ತಮುತ್ತ ಸಲಾಮ್ ಹೇಳದೆ ಹತ್ತು ಹೆಜ್ಜೆ ನಡೆಯುವುದು ಕಷ್ಟ. ಮದ್ರಸಾ, ದರ್ಗಾ, ಕಬರಸ್ತಾನ, ಹಲಾಲ್ ಹೋಟೆಲು ಎಲ್ಲವೂ ಕೈಗೆಟಕುವಷ್ಟು ಹತ್ತಿರ. ಇಂಥ ಪರಿಸರ ದೊಡ್ಡ ಅನುಗ್ರಹವೇ ಸರಿ. ಆದರೆ ಈ ಅನುಗ್ರಹದಲ್ಲಿಯೇ ಒಂದು ಅಪಾಯವೂ ಅಡಗಿದೆ. ಗಲ್ಲಿಯಲ್ಲಿ ಧರ್ಮವಿದ್ದರೆ ನಮ್ಮ ಎದೆಯಲ್ಲೂ ಧರ್ಮವಿದೆ ಎಂದು ನಾವು ಭಾವಿಸಿಬಿಡುತ್ತೇವೆ. ಮೊಹಲ್ಲಾದ ಭಕ್ತಿಯನ್ನು ನಮ್ಮ ಲೆಕ್ಕಕ್ಕೆ ಜಮಾ ಮಾಡಿಕೊಳ್ಳುತ್ತೇವೆ.

ಇನ್ನು ಈ ಗಲ್ಲಿಗಳಿಂದ ಇಂದಿರಾನಗರಕ್ಕೋ ಕೆ.ಆರ್. ಪುರಂ ಕಡೆಗೋ ಹೋಗಿ ನೆಲೆಸಿದ ನಮ್ಮದೇ ಕುಟುಂಬಗಳಿವೆ. ಅಲ್ಲಿ ಅಪಾರ್ಟ್‌ಮೆಂಟಿನ ಮುಚ್ಚಿದ ಕಿಟಕಿಗಳ ಒಳಗೆ ಅಝಾನ್ ಕೇಳಿಸುವುದು ಮೊಬೈಲಿನಿಂದ ಮಾತ್ರ. ಅಮ್ಮೀ ಅಬ್ಬಾ ಇದ್ದ ಹಳೆಯ ಮನೆಯಲ್ಲಿ ಈಮಾನ್ ಇತ್ತು, ಇಲ್ಲಿ ಅದು ಒಣಗಿಹೋಯಿತು ಎಂದು ಅವರು ಹೇಳುತ್ತಾರೆ. ವಾಸ್ತವದಲ್ಲಿ ಇವರಿಬ್ಬರ ಸಮಸ್ಯೆಯೂ ಒಂದೇ. ಐದು ಅಝಾನ್‌ಗಳನ್ನು ಒಟ್ಟಿಗೆ ಕೇಳುವವನೂ, ಒಂದನ್ನೂ ಕೇಳದವನೂ ಅಲ್ಲಾಹನೊಂದಿಗಿನ ತನ್ನ ಸಂಬಂಧವನ್ನು ಸುತ್ತಲಿನ ಪರಿಸರಕ್ಕೆ ಗುತ್ತಿಗೆ ಕೊಟ್ಟಿದ್ದಾನೆ. ನಾವು ಇಂದು ಒತ್ತಿ ಹೇಳಬಯಸುವುದು ಇದನ್ನೇ. ಈ ಸಂಬಂಧವನ್ನು ಯಾರಿಗೂ ಗುತ್ತಿಗೆ ಕೊಡಲು ಬರುವುದಿಲ್ಲ.

ಪವಿತ್ರ ಕುರ್‌ಆನಿನ ಒಂದು ವೈಶಿಷ್ಟ್ಯವನ್ನು ಇಲ್ಲಿ ಸ್ಮರಿಸಬೇಕು. ಜನರು ಪ್ರವಾದಿ(ಸ)ರವರಲ್ಲಿ ಕೇಳಿದ ಹಲವು ಪ್ರಶ್ನೆಗಳನ್ನು ಕುರ್‌ಆನ್ ಉಲ್ಲೇಖಿಸುತ್ತದೆ. ಅಮಾವಾಸ್ಯೆಯ ನಂತರ ಮೂಡುವ ಚಂದ್ರನ ಬಗ್ಗೆ, ಮದ್ಯ ಮತ್ತು ಜೂಜಿನ ಬಗ್ಗೆ, ಅನಾಥರ ಬಗ್ಗೆ ಕೇಳಿದಾಗಲೆಲ್ಲ, ಅವರಿಗೆ ಹೀಗೆ ಹೇಳಿರಿ ಎಂದು ಪ್ರವಾದಿಯವರಿಗೆ ಆದೇಶ ಬರುತ್ತದೆ. ಆದರೆ ಅಲ್ಬಕರ ಅಧ್ಯಾಯದಲ್ಲಿ ಉಪವಾಸದ ನಿಯಮಗಳ ನಡುವೆ ಬರುವ 186ನೇ ಸೂಕ್ತದಲ್ಲಿ ದಾಸರು ಅಲ್ಲಾಹನ ಕುರಿತೇ ಕೇಳಿದಾಗ ಏನಾಗುತ್ತದೆ? ಅಲ್ಲಿ ‘ಹೇಳಿರಿ’ ಎಂಬ ಪದವೇ ಇಲ್ಲ. ತಾನು ಸಮೀಪದಲ್ಲಿದ್ದೇನೆಂದು ಅಲ್ಲಾಹನೇ ನೇರವಾಗಿ ತಿಳಿಸುತ್ತಾನೆ. ಪ್ರಶ್ನೆಗೂ ಉತ್ತರಕ್ಕೂ ನಡುವೆ ಪ್ರವಾದಿಯವರ ನಾಲಗೆಯನ್ನೂ ಇರಿಸದ ಆ ಪ್ರಭು, ನಮಗೂ ತನಗೂ ನಡುವೆ ಇನ್ನಾರನ್ನು ಇರಿಸಿಯಾನು? ವ್ಯಾಖ್ಯಾನಕಾರರು ಗಮನಿಸಿರುವ ಈ ಸೂಕ್ಷ್ಮ ನಮ್ಮ ವಿಷಯಕ್ಕೆ ಬುನಾದಿಯಾಗಿದೆ. ಅವನ ಕಡೆಯಿಂದ ಪರದೆ ಇಲ್ಲ. ಇರುವ ಪರದೆಗಳೆಲ್ಲ ನಮ್ಮ ಕಡೆಯವು.

ಮಸೀದಿಯ ಬಾಗಿಲು ಮುಚ್ಚಿದಾಗ

ನಮ್ಮ ತಲೆಮಾರಿಗೆ ಈ ಸತ್ಯವನ್ನು ಮನಗಾಣಿಸಿದ ವರ್ಷ 2020. ಆ ವರ್ಷ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಮಸೀದಿಗಳಲ್ಲಿ ಸಾಮೂಹಿಕ ನಮಾಝ್ ನಿಂತಿತು. ಜುಮಾ ಇಲ್ಲ, ತರಾವೀಹ್ ಇಲ್ಲ. ಮಿಲ್ಲರ್ಸ್ ರಸ್ತೆಯ ಕುದ್ದೂಸ್ ಸಾಹೇಬ್ ಈದ್ಗಾಹ್ ಮೈದಾನದಲ್ಲಿ ಪ್ರತಿವರ್ಷ ಸಾಲುಸಾಲಾಗಿ ನಿಲ್ಲುತ್ತಿದ್ದ ಜನಸ್ತೋಮ ಆ ವರ್ಷದ ಮೇ 25ರಂದು ಈದುಲ್ ಫಿತ್ರ್ ನಮಾಝನ್ನು ತಂತಮ್ಮ ಮನೆಗಳಲ್ಲಿ ನಿರ್ವಹಿಸಬೇಕಾಯಿತು. ನಮ್ಮ ರಾಜ್ಯದಲ್ಲಿ ಆರಾಧನಾಲಯಗಳು ಮತ್ತೆ ತೆರೆದದ್ದು ಜೂನ್ 8ರಂದು.

ಮಳೆಯ ರಾತ್ರಿಗಳಲ್ಲಿ ಮನೆಯಲ್ಲಿಯೇ ನಮಾಝ್ ಮಾಡಿರೆಂದು ಸಾರಿಸಿದ ಪ್ರವಾದಿ(ಸ)ರವರ ಮಾದರಿ ನಮ್ಮ ಮುಂದಿತ್ತು. ಆದುದರಿಂದ ಧಾರ್ಮಿಕವಾಗಿ ಗೊಂದಲವಿರಲಿಲ್ಲ. ಗೊಂದಲವಿದ್ದುದು ಮನೆಗಳ ಒಳಗೆ. ಅದುವರೆಗೆ ಇಮಾಮರ ಹಿಂದೆ ನಿಂತು ಅಭ್ಯಾಸವಾಗಿದ್ದ ಅನೇಕ ತಂದೆಯಂದಿರು ಮೊತ್ತಮೊದಲ ಬಾರಿಗೆ ಹೆಂಡತಿ ಮಕ್ಕಳನ್ನು ಹಿಂದೆ ನಿಲ್ಲಿಸಿಕೊಂಡು ತಾವೇ ಇಮಾಮರಾಗಬೇಕಾಯಿತು. ಕಂಠಪಾಠವಿರುವ ಸೂರಾಗಳು ಎಷ್ಟು ಎಂಬ ಲೆಕ್ಕ ಆಗ ಹೊರಬಿತ್ತು. ತರಾವೀಹ್‌ಗೆ ಹೋಗಿ ಮೂವತ್ತು ವರ್ಷ ಕುರ್‌ಆನ್ ಆಲಿಸಿದವರಿಗೂ, ಆಲಿಸಿದ್ದರಲ್ಲಿ ತಮಗೆ ಅರ್ಥವಾದದ್ದೆಷ್ಟು ಎಂಬ ಪ್ರಶ್ನೆ ಎದುರಾಯಿತು.

ಆ ದಿನಗಳಲ್ಲಿ ಎರಡು ಬಗೆಯ ಮನೆಗಳು ಕಂಡುಬಂದವು. ಕೆಲವು ಮನೆಗಳಲ್ಲಿ ಮಸೀದಿಯ ಬಾಗಿಲಿನೊಂದಿಗೆ ನಮಾಝೂ ಮುಚ್ಚಿಹೋಯಿತು. ಜಮಾಅತ್ ಇಲ್ಲದ ಮೇಲೆ ಸಮಯಪಾಲನೆ ತಪ್ಪಿತು, ಫಜ್ರ್ ನಿದ್ದೆಯಲ್ಲಿ ಕಳೆಯಿತು. ಇನ್ನು ಕೆಲವು ಮನೆಗಳಲ್ಲಿ ಅದೇ ಬಾಗಿಲು ಮುಚ್ಚಿದ್ದರಿಂದ ಬೇರೊಂದು ಬಾಗಿಲು ತೆರೆಯಿತು. ಹತ್ತು ಅಡಿ ಅಗಲದ ಕೋಣೆಯಲ್ಲಿ ಚಾಪೆ ಹಾಸಿ ಇಡೀ ಕುಟುಂಬ ಒಟ್ಟಿಗೆ ನಿಂತಿತು. ವರ್ಷಗಳಿಂದ ರಮಝಾನ್ ಎಂದರೆ ಸಹರಿ, ಇಫ್ತಾರ್‌ಗಳ ಅಡುಗೆಯೇ ಆಗಿಹೋಗಿದ್ದ ನಮ್ಮ ಸಹೋದರಿಯರು ಸಾಲಿನಲ್ಲಿ ನಿಂತು ಕುರ್‌ಆನ್ ಪಾರಾಯಣ ಆಲಿಸಿದರು. ಹೊರಗಿನ ಗದ್ದಲ ನಿಂತ ಆ ನಿಶ್ಶಬ್ದದಲ್ಲಿ ದುಆದ ಮಾತುಗಳು ತಾವಾಗಿ ಹೊರಟವು.

ಬಾಗಿಲು ಮುಚ್ಚಿದ್ದು ಎಲ್ಲರಿಗೂ ಒಂದೇ ರೀತಿ. ಪರಿಣಾಮ ಮಾತ್ರ ಏಕೆ ಬೇರೆಯಾಯಿತು? ಮೊದಲನೆಯವರು ಮಸೀದಿಗೆ ಹೋಗುತ್ತಿದ್ದರು. ಎರಡನೆಯವರು ಮಸೀದಿಯ ಮೂಲಕ ಅಲ್ಲಾಹನೆಡೆಗೆ ಹೋಗುತ್ತಿದ್ದರು. ಇದರರ್ಥ ಮಸೀದಿ ಬೇಡವೆಂದಲ್ಲ. ಜಮಾಅತಿನ ಮಹತ್ವವನ್ನು ಯಾವ ಮುಸ್ಲಿಮನೂ ಕಡೆಗಣಿಸಲಾರ. ಆದರೆ ಸೇತುವೆಯ ಮೇಲೆ ನಿಂತು ಇದೇ ಊರೆಂದು ಭಾವಿಸಿದವನು ಊರನ್ನು ತಲುಪುವುದಿಲ್ಲ.

ಹಾಜರಾ(ಅ)ರವರ ಚರಿತ್ರೆಯನ್ನು ನೆನಪಿಸಿಕೊಳ್ಳಿರಿ. ಅವರ ಬಳಿ ಏನಿತ್ತು? ಮಸೀದಿಯಿರಲಿಲ್ಲ, ಊರಿರಲಿಲ್ಲ, ನೆರೆಹೊರೆಯಿರಲಿಲ್ಲ. ಮಡಿಲಲ್ಲಿ ಹಸುಗೂಸು, ಸುತ್ತಲೂ ಬಂಜರು ಕಣಿವೆ. ಇಬ್ರಾಹೀಮ್(ಅ) ಹೊರಟು ನಿಂತಾಗ, ಇದು ಅಲ್ಲಾಹನ ಆಜ್ಞೆಯೇ ಎಂದು ಅವರು ವಿಚಾರಿಸಿದರು. ಹೌದೆಂದು ತಿಳಿದಾಗ, ಹಾಗಾದರೆ ಅವನು ನಮ್ಮ ಕೈಬಿಡುವುದಿಲ್ಲ ಎಂದು ಭರವಸೆ ತಳೆದರು. ಬಳಿಕ ಸುಮ್ಮನೆ ಕೂರಲೂ ಇಲ್ಲ. ಸಫಾ ಮತ್ತು ಮರ್ವಾ ಬೆಟ್ಟಗಳ ನಡುವೆ ನೀರಿಗಾಗಿ ಏಳು ಬಾರಿ ಓಡಿದರು. ಇಂದು ಹಜ್ ಮತ್ತು ಉಮ್ರಾಕ್ಕೆ ಹೋಗುವ ಪ್ರತಿಯೊಬ್ಬನೂ, ಅವನು ರಾಜನಿರಲಿ ವಿದ್ವಾಂಸನಿರಲಿ, ಆ ಒಬ್ಬಂಟಿ ತಾಯಿಯ ಹೆಜ್ಜೆಗಳನ್ನು ಅನುಸರಿಸಿ ನಡೆಯಬೇಕು. ಅಲ್ಲಾಹನೊಂದಿಗೆ ನೇರ ಸಂಬಂಧ ಹೊಂದಲು ಪದವಿಯಾಗಲಿ ಪಾಂಡಿತ್ಯವಾಗಲಿ ಶಿಫಾರಸಾಗಲಿ ಬೇಕಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಯಾವುದಿದೆ?

ಇತರರಿಗೆ ವಹಿಸಿಕೊಟ್ಟ ವಿವೇಕ

ಪರಿಸರಕ್ಕೆ ಗುತ್ತಿಗೆ ಕೊಡುವುದು ಒಂದು ಬಗೆಯಾದರೆ, ವ್ಯಕ್ತಿಗಳಿಗೆ ಗುತ್ತಿಗೆ ಕೊಡುವುದು ಇನ್ನೊಂದು ಬಗೆ. 2020ಕ್ಕೆ ಒಂದು ವರ್ಷ ಮೊದಲು ಇದೇ ಶಿವಾಜಿನಗರದಲ್ಲಿ ಅದರ ಫಲವನ್ನು ನಮ್ಮ ಸಮುದಾಯ ಕಂಡಿತು. 2006ರಲ್ಲಿ ಆರಂಭವಾಗಿ, ಹಲಾಲ್ ಲಾಭದ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿದ ಐಎಂಎ ಸಂಸ್ಥೆ 2019ರ ಜೂನ್‌ನಲ್ಲಿ ಬಾಗಿಲು ಹಾಕಿತು. ದೂರು ಕೊಟ್ಟವರ ಸಂಖ್ಯೆ ಕೆಲವೇ ದಿನಗಳಲ್ಲಿ ಹತ್ತಾರು ಸಾವಿರ ದಾಟಿತು. ಅವರಲ್ಲಿ ಬಹುಪಾಲು ನಮ್ಮದೇ ಸಮುದಾಯದ ಮಧ್ಯಮ ಮತ್ತು ಬಡ ವರ್ಗದವರು. ಮಗಳ ಮದುವೆಗೆಂದು ಕೂಡಿಟ್ಟದ್ದು, ನಿವೃತ್ತಿಯಾದಾಗ ಬಂದದ್ದು, ಹಜ್‌ಗೆಂದು ಉಳಿಸಿದ್ದು ಎಲ್ಲವೂ ಅದರಲ್ಲಿ ಸೇರಿತ್ತು. ಸಂಸ್ಥೆಯ ಸ್ಥಾಪಕರ ಬಂಧನವಾಯಿತು, ಪ್ರಕರಣ ಸಿಬಿಐ ಕೈಗೆ ಹೋಯಿತು. ಕಾನೂನಿನ ವಿಚಾರವನ್ನು ನ್ಯಾಯಾಲಯಕ್ಕೆ ಬಿಡೋಣ. ನಾವಿಲ್ಲಿ ಮಾತನಾಡುತ್ತಿರುವುದು ಹೃದಯದ ವಿಚಾರವನ್ನು.

ನಷ್ಟ ಹಣದ್ದು ಮಾತ್ರವಾಗಿರಲಿಲ್ಲ. ಹಲಾಲ್ ಯಾವುದು ಹರಾಮ್ ಯಾವುದು ಎಂದು ವಿಚಾರಿಸುವ ಹೊಣೆಯನ್ನು ಗಡ್ಡ, ಟೋಪಿ ಹಾಗೂ ಸಭೆಯಲ್ಲಿ ಮುಂದಿನ ಸಾಲಿನ ಕುರ್ಚಿ ಕಂಡವರಿಗೆ ವಹಿಸಿಕೊಟ್ಟ ಮೇಲೆ, ಅವರ ಮಾತು ಸುಳ್ಳಾದಾಗ ಕೆಲವರ ಮನಸ್ಸಿನಲ್ಲಿ ಧರ್ಮವೇ ಸುಳ್ಳಾದಂತೆ ತೋರಿತು. ಎಷ್ಟೊಂದು ದುಆ ಮಾಡಿದೆವು, ಹಣ ಮರಳಲಿಲ್ಲ; ಇನ್ನು ದುಆ ಮಾಡಿ ಏನು ಪ್ರಯೋಜನ ಎಂಬ ಮಾತು ಆಗ ಹಲವು ಮನೆಗಳಲ್ಲಿ ಕೇಳಿಬಂತು. ನೊಂದವರ ಈ ಮಾತನ್ನು ನಾವು ಹಗುರವಾಗಿ ಪರಿಗಣಿಸಬಾರದು. ಆದರೆ ಅದರೊಳಗಿನ ತಪ್ಪು ಕಲ್ಪನೆಯನ್ನು ಪ್ರೀತಿಯಿಂದ ತಿದ್ದಬೇಕು. ದುಆ ಎಂಬುದು ಠೇವಣಿಯಲ್ಲ, ತಿಂಗಳ ಕೊನೆಗೆ ಲಾಭಾಂಶ ನಿರೀಕ್ಷಿಸುವುದಕ್ಕೆ. ದುಆ ದಾಸನು ತನ್ನ ಪ್ರಭುವಿನೊಂದಿಗೆ ಆಡುವ ಮಾತು. ಕೇಳಿದ್ದು ಸಿಗಬಹುದು, ಅದರ ಬದಲು ಬೇರೊಂದು ಕೇಡು ತಪ್ಪಬಹುದು, ಅಥವಾ ಪರಲೋಕಕ್ಕೆ ಅದು ಕಾದಿರಿಸಲ್ಪಡಬಹುದು ಎಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಆದರೆ ಇವೆಲ್ಲಕ್ಕೂ ಮೊದಲಿನ ಲಾಭವೆಂದರೆ ಆ ಮಾತುಕತೆಯೇ. ಕಣ್ಣೀರು ಸುರಿಸಲು ಒಂದು ಸನ್ನಿಧಿ ಇದೆಯಲ್ಲ, ಅದು ಸಣ್ಣ ಅನುಗ್ರಹವೇ?

ವಿದ್ವಾಂಸರನ್ನು ಗೌರವಿಸಬೇಕು, ಅವರಿಂದ ಕಲಿಯಬೇಕು. ಆದರೆ ಅವರು ದಾರಿ ತೋರಿಸುವವರೇ ಹೊರತು ನಮ್ಮ ಪರವಾಗಿ ನಡೆಯುವವರಲ್ಲ.

ಗುಂಪಿಗೆ ವಹಿಸಿಕೊಟ್ಟ ಭಾವನೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 2020ರ ಆಗಸ್ಟ್ 11ರ ರಾತ್ರಿ ಇಲ್ಲಿಂದ ದೂರವೇನಲ್ಲದ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಏನಾಯಿತೆಂಬುದು ಎಲ್ಲರಿಗೂ ತಿಳಿದಿದೆ. ಪ್ರವಾದಿ(ಸ)ರವರನ್ನು ನಿಂದಿಸುವ ಒಂದು ಪೋಸ್ಟ್ ಕಾರಣವಾಗಿ ಹೊತ್ತಿದ ಸಿಟ್ಟು ಬೆಂಕಿಯಾಯಿತು. ಪೊಲೀಸ್ ಗೋಲಿಬಾರಿನಲ್ಲಿ ಯುವಕರು ಪ್ರಾಣ ಕಳೆದುಕೊಂಡರು, ನೂರಾರು ಮಂದಿ ಜೈಲು ಸೇರಿದರು. ಅದೇ ರಾತ್ರಿ ನಮ್ಮದೇ ಯುವಕರು ಕೈಕೈ ಹಿಡಿದು ದೇವಾಲಯವೊಂದರ ಸುತ್ತ ಮಾನವ ಸರಪಳಿ ನಿರ್ಮಿಸಿ ಕಾದರು. ಇವೆರಡರಲ್ಲಿ ಪ್ರವಾದಿ ಪ್ರೇಮ ಯಾವುದು? ತಾಯಿಫ್‌ನಲ್ಲಿ ಕಲ್ಲೆಸೆತಕ್ಕೆ ಗುರಿಯಾಗಿ ರಕ್ತ ಸುರಿಯುತ್ತಿದ್ದಾಗ ಪ್ರವಾದಿ(ಸ)ರವರು ಜನರ ಮೇಲೆ ಹಗೆ ಕಾರಲಿಲ್ಲ. ತಮ್ಮ ದುರ್ಬಲತೆಯನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಆ ಊರಿನ ನಾಶಕ್ಕೆ ಅವಕಾಶ ಬಂದಾಗಲೂ ಒಪ್ಪದೆ, ಅವರ ಸಂತತಿಯಲ್ಲಿ ಅಲ್ಲಾಹನನ್ನು ಆರಾಧಿಸುವವರು ಹುಟ್ಟಿಯಾರೆಂದು ಆಶಿಸಿದರು. ಇಂದು ನಮ್ಮ ಸಮುದಾಯಕ್ಕೆ ನೋವುಗಳಿವೆ, ಅನ್ಯಾಯಗಳಿವೆ. ಅವುಗಳ ವಿರುದ್ಧ ಸಂವಿಧಾನಬದ್ಧವಾಗಿ ಹೋರಾಡಲೇಬೇಕು. ಆದರೆ ದಿನವಿಡೀ ಟಿ.ವಿ. ಚರ್ಚೆ, ಮೊಬೈಲ್ ಸಂದೇಶಗಳಿಂದ ಭಯವನ್ನೂ ಸಿಟ್ಟನ್ನೂ ತುಂಬಿಕೊಂಡ ಹೃದಯದಲ್ಲಿ ಅಲ್ಲಾಹನ ಸ್ಮರಣೆಗೆ ಜಾಗವೆಲ್ಲಿ?

ಹೃದಯದ ತುಕ್ಕು

ಇದುವರೆಗೆ ಹೇಳಿದ್ದು, ನಮ್ಮದನ್ನು ಇತರರಿಗೆ ಬಿಟ್ಟುಕೊಡುವುದರ ಬಗ್ಗೆ. ಈಗ ನಾವು ನಮ್ಮೊಳಗೇ ಇಳಿದು ನೋಡಬೇಕಾಗಿದೆ. ಅಲ್ ಮುತಫ್ಫಿಫೀನ್ ಅಧ್ಯಾಯದಲ್ಲಿ, ಮನುಷ್ಯರ ಗಳಿಕೆಯು ಅವರ ಹೃದಯಗಳ ಮೇಲೆ ತುಕ್ಕಿನಂತೆ ಕೂರುತ್ತದೆ ಎಂಬ ಎಚ್ಚರಿಕೆಯಿದೆ. ತುಕ್ಕು ಎಂದರೇನೆಂದು ಶಿವಾಜಿನಗರದವರಿಗೆ ವಿವರಿಸಬೇಕಿಲ್ಲ. ಇಲ್ಲಿನ ಗುಜರಿ ಅಂಗಡಿಗಳಲ್ಲಿ, ಹಳೆಯ ವಾಹನಗಳ ಬಿಡಿಭಾಗ ಬಿಚ್ಚುವ ಮೆಕ್ಯಾನಿಕ್‌ಗಳ ಕೈಯಲ್ಲಿ ದಿನವೂ ತುಕ್ಕು ಹಿಡಿದ ಕಬ್ಬಿಣ ಹಾದುಹೋಗುತ್ತದೆ. ತುಕ್ಕು ಒಂದೇ ದಿನದಲ್ಲಿ ಬರುವುದಿಲ್ಲ. ತೇವವನ್ನು ಒರೆಸದೆ ಬಿಟ್ಟಾಗ ಪದರ ಪದರವಾಗಿ ಬೆಳೆಯುತ್ತದೆ. ಕೆಲಸಗಾರನು ತುಕ್ಕು ಹಿಡಿದ ನಟ್ಟನ್ನು ಕಂಡ ಕೂಡಲೇ ಎಸೆಯುತ್ತಾನೆಯೇ? ಇಲ್ಲ. ಎಣ್ಣೆ ಬಿಡುತ್ತಾನೆ, ಸ್ವಲ್ಪ ಕಾಯುತ್ತಾನೆ, ಉಜ್ಜುತ್ತಾನೆ, ಮತ್ತೆ ತಿರುಗಿಸಿ ನೋಡುತ್ತಾನೆ. ಒಳಗೆ ಕಬ್ಬಿಣವಿದೆಯೆಂದು ಅವನಿಗೆ ಗೊತ್ತು.

ಆದರೆ ನಮ್ಮ ಹೃದಯದ ವಿಷಯದಲ್ಲಿ ನಮಗೆ ಆ ತಾಳ್ಮೆಯಿಲ್ಲ. ಇಷ್ಟು ವರ್ಷ ನಮಾಝ್ ಬಿಟ್ಟೆ, ಇನ್ನು ಯಾವ ಮುಖವಿಟ್ಟುಕೊಂಡು ನಿಲ್ಲಲಿ ಎನ್ನುವ ಯುವಕನಿದ್ದಾನೆ. ಪಾಪದ ನೆನಪಿನಿಂದ ಮುಸಲ್ಲಾದತ್ತ ನೋಡಲೂ ನಾಚುವ ತಂದೆಯಿದ್ದಾನೆ. ಈ ನಾಚಿಕೆ ವಿನಯದಂತೆ ಕಾಣುತ್ತದೆ, ಆದರೆ ಶೈತಾನನು ಕಟ್ಟುವ ಅತ್ಯಂತ ಗಟ್ಟಿಯಾದ ಗೋಡೆ ಇದುವೇ. ಆದಮ್(ಅ)ರಿಂದಲೂ ತಪ್ಪಾಯಿತು, ಇಬ್ಲೀಸನಿಂದಲೂ ತಪ್ಪಾಯಿತು. ಆದಮ್(ಅ) ತಪ್ಪನ್ನು ತನ್ನದೆಂದು ಒಪ್ಪಿ ಪ್ರಭುವಿನೆಡೆಗೆ ಮರಳಿದರು. ಇಬ್ಲೀಸನು ವಾದಕ್ಕೆ ನಿಂತನು, ನಿರಾಶನಾದನು. ವ್ಯತ್ಯಾಸವಿರುವುದು ತಪ್ಪು ಮಾಡಿದ್ದರಲ್ಲಿ ಅಲ್ಲ, ಮರಳಿದ್ದರಲ್ಲಿ. ಪ್ರತಿಯೊಂದು ಪಾಪದಿಂದ ಹೃದಯದಲ್ಲಿ ಒಂದು ಕಪ್ಪುಚುಕ್ಕೆ ಮೂಡುತ್ತದೆ, ತೌಬಾ ಮಾಡಿದಾಗ ಅದು ಅಳಿದುಹೋಗುತ್ತದೆ ಎಂದು ಪ್ರವಾದಿ(ಸ)ರವರು ತಿಳಿಸಿದ್ದಾರೆ. ಹೃದಯವನ್ನು ಶುಚಿಗೊಳಿಸಿಕೊಂಡು ಬಳಿಕ ಅಲ್ಲಾಹನ ಬಳಿಗೆ ಹೋಗುತ್ತೇನೆ ಎನ್ನುವವನು, ಗುಣವಾದ ಮೇಲೆ ವೈದ್ಯರ ಬಳಿಗೆ ಹೋಗುತ್ತೇನೆ ಎನ್ನುವ ರೋಗಿಯಂತೆ.

ಇನ್ನು ಕೆಲವರದು ಬೇರೆ ಕೊರಗು. ಸಭೆಯಲ್ಲಿ ಕುಳಿತಾಗ ಕಣ್ಣು ತುಂಬುತ್ತದೆ, ಮನೆಗೆ ಹೋದ ಕೂಡಲೇ ಎಲ್ಲ ಮರೆಯುತ್ತದೆ. ಹಾಗಾದರೆ ನಮ್ಮದು ಕಪಟವೇ? ಈ ಪ್ರಶ್ನೆ ಪ್ರವಾದಿಯವರ ಸಂಗಾತಿ ಹಂಝಲ(ರ)ರನ್ನೂ ಕಾಡಿತ್ತು. ಹಂಝಲ ಕಪಟಿಯಾಗಿಬಿಟ್ಟ ಎಂದು ತನ್ನನ್ನೇ ದೂಷಿಸುತ್ತಾ ಹೊರಟ ಅವರಿಗೆ ದಾರಿಯಲ್ಲಿ ಅಬೂಬಕರ್(ರ) ಸಿಕ್ಕರು. ತನಗೂ ಹಾಗೆಯೇ ಆಗುತ್ತದೆ ಎಂದರು ಅಬೂಬಕರ್(ರ)! ಇಬ್ಬರೂ ಪ್ರವಾದಿ(ಸ)ರವರ ಬಳಿಗೆ ಹೋದರು. ಸದಾ ಅದೇ ಸ್ಥಿತಿಯಲ್ಲಿದ್ದರೆ ಬೀದಿಯಲ್ಲಿ ಮಲಕ್‌ಗಳೇ ನಿಮ್ಮ ಕೈಕುಲುಕುತ್ತಿದ್ದರು. ಆದರೆ ಹಂಝಲ, ಅದಕ್ಕೊಂದು ಹೊತ್ತು, ಇದಕ್ಕೊಂದು ಹೊತ್ತು ಎಂಬರ್ಥದ ಸಾಂತ್ವನ ಅವರಿಗೆ ದೊರೆಯಿತು. ಹೆಂಡತಿ ಮಕ್ಕಳು, ಸಂಪಾದನೆ, ಮನೆಗೆಲಸ ಇವು ಧರ್ಮದ ಶತ್ರುಗಳಲ್ಲ. ಹೃದಯಕ್ಕೂ ಏರಿಳಿತಗಳಿವೆ. ಇಳಿದ ಹೊತ್ತಿನಲ್ಲಿ ನಿರಾಶರಾಗಿ ಬಿಟ್ಟುಬಿಡುವುದೇ ನಿಜವಾದ ನಷ್ಟ.

ಇದಕ್ಕೆ ವಿರುದ್ಧವಾದ ಪರದೆಯೂ ಒಂದಿದೆ. ಅದು ಪ್ರದರ್ಶನದ್ದು. ಇಮಾಮ್ ಗಝ್ಝಾಲಿಯವರು ಬಗ್ದಾದಿನ ನಿಝಾಮಿಯಾ ವಿದ್ಯಾಲಯದಲ್ಲಿ ಅಂದಿನ ಅತ್ಯುನ್ನತ ಆಚಾರ್ಯರಾಗಿದ್ದರು. ತಾನು ಪಾಠ ಹೇಳುತ್ತಿರುವುದು ಅಲ್ಲಾಹನಿಗಾಗಿಯೋ ಕೀರ್ತಿಗಾಗಿಯೋ ಎಂದು ತನ್ನನ್ನೇ ಕೇಳಿಕೊಂಡಾಗ ಸಿಕ್ಕ ಉತ್ತರ ಅವರನ್ನು ತತ್ತರಿಸಿತು. 1095ರಲ್ಲಿ ಅವರ ಮಾತೇ ನಿಂತುಹೋಯಿತು, ವೈದ್ಯರು ಕೈಚೆಲ್ಲಿದರು. ಕೊನೆಗೆ ಹುದ್ದೆಯನ್ನು ತೊರೆದು ಬಗ್ದಾದ್ ಬಿಟ್ಟು ಹೊರಟರು. ಅಂಥ ಮಹಾವಿದ್ವಾಂಸರೇ ತಮ್ಮ ಉದ್ದೇಶವನ್ನು ಹೀಗೆ ಪರಿಶೀಲಿಸಿಕೊಂಡರೆಂದ ಮೇಲೆ, ಉಮ್ರಾದ ಪ್ರತಿಯೊಂದು ಹೆಜ್ಜೆಯನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿ ಹಂಚುವ ನಮ್ಮ ಕಾಲದ ಬಗ್ಗೆ ಏನು ಹೇಳೋಣ?

ಇತರರ ಹಕ್ಕು ನಮ್ಮ ಮನೆಯಲ್ಲಿರುವಾಗ

ಪಾಪವನ್ನು ತೊರೆಯುವುದು, ಪಶ್ಚಾತ್ತಾಪ ಪಡುವುದು, ಮರಳಿ ಮಾಡೆನೆಂದು ನಿರ್ಧರಿಸುವುದು ತೌಬಾದ ಮೂರು ಶರತ್ತುಗಳೆಂದು ವಿದ್ವಾಂಸರು ತಿಳಿಸಿದ್ದಾರೆ. ಪಾಪವು ಮನುಷ್ಯರ ಹಕ್ಕಿಗೆ ಸಂಬಂಧಿಸಿದ್ದಾದರೆ ನಾಲ್ಕನೆಯ ಶರತ್ತೊಂದಿದೆ: ಹಕ್ಕನ್ನು ಹಕ್ಕುದಾರನಿಗೆ ಮರಳಿಸಬೇಕು. ಈ ನಾಲ್ಕನೆಯದರ ಬಗ್ಗೆ ನಮ್ಮ ಸಭೆಗಳಲ್ಲಿ ಮಾತು ಕಡಿಮೆ.

ದೀರ್ಘ ಪ್ರಯಾಣದಿಂದ ಬಳಲಿ, ಧೂಳು ತುಂಬಿದ ದೇಹದೊಂದಿಗೆ ಆಕಾಶದತ್ತ ಕೈಯೆತ್ತಿ ಬೇಡುವ ವ್ಯಕ್ತಿಯೊಬ್ಬನ ಬಗ್ಗೆ ಪ್ರವಾದಿ(ಸ)ರವರು ಹೇಳಿದ್ದಾರೆ. ದುಆ ಸ್ವೀಕೃತವಾಗಲು ಬೇಕಾದ ಎಲ್ಲ ಲಕ್ಷಣಗಳೂ ಅವನಲ್ಲಿವೆ. ಆದರೆ ಅವನ ಅನ್ನ, ಬಟ್ಟೆ, ಪಾನೀಯ ಹರಾಮಿನದು. ಹೀಗಿರುವಾಗ ಅವನ ಮೊರೆ ಹೇಗೆ ಸ್ವೀಕೃತವಾದೀತು ಎಂದು ಅವರು ಕೇಳಿದರು.

ನಮ್ಮ ಮನೆಗಳನ್ನು ಈ ಕನ್ನಡಿಯ ಮುಂದೆ ನಿಲ್ಲಿಸೋಣ. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾಗಿವೆ. ಹಲಸೂರಿನಲ್ಲೋ ಟ್ಯಾನರಿ ರಸ್ತೆಯಲ್ಲೋ ಇರುವ ಮನೆಯ ಬೆಲೆ ಕೋಟಿ ದಾಟಿದೆ. ಸಹೋದರಿಯ ಪಾಲೆಲ್ಲಿ? ಅವಳು ಮಾಫ್ ಮಾಡಿದ್ದಾಳೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಹಾಕಿದ್ದು ಕ್ಷಮೆಯಾಗುತ್ತದೆಯೇ? ಆಸ್ತಿ ಸ್ವಲ್ಪವಿರಲಿ ಹೆಚ್ಚಿರಲಿ, ಅದರಲ್ಲಿ ಸ್ತ್ರೀಯರಿಗೂ ನಿಶ್ಚಿತ ಪಾಲಿದೆ ಎಂದು ಅನ್ನಿಸಾ ಅಧ್ಯಾಯವು ಹದಿನಾಲ್ಕು ಶತಮಾನಗಳ ಹಿಂದೆಯೇ ಘೋಷಿಸಿದೆ. ಜೋಡೆ ಕೀ ರಖಮ್ ಎಂಬ ಹೆಸರಿನಲ್ಲಿ ಹೆಣ್ಣಿನ ತಂದೆಯಿಂದ ಪಡೆದದ್ದು ಯಾವ ಲೆಕ್ಕಕ್ಕೆ ಸೇರುತ್ತದೆ? ಮನೆಯನ್ನು ಭೋಗ್ಯಕ್ಕೆ ಕೊಟ್ಟು, ಅವಧಿ ಮುಗಿದ ಮೇಲೂ ಆ ಹಣವನ್ನು ಮರಳಿಸದೆ ಬಡ ಕುಟುಂಬವನ್ನು ತಿಂಗಳುಗಟ್ಟಲೆ ಅಲೆದಾಡಿಸುವುದು? ಅಂಗಡಿಯ ಹುಡುಗನ ಸಂಬಳವನ್ನು ಹಬ್ಬದವರೆಗೂ ತಡೆಹಿಡಿಯುವುದು?

ಇವುಗಳನ್ನೆಲ್ಲ ಮನೆಯಲ್ಲಿಟ್ಟುಕೊಂಡು, ನಮಾಝಿನಲ್ಲಿ ಏಕಾಗ್ರತೆ ಬರುವುದಿಲ್ಲ, ಯಾವುದಾದರೂ ವಝೀಫಾ ಹೇಳಿಕೊಡಿ ಎಂದು ಕೇಳುತ್ತಾ ತಿರುಗಿದರೆ ಪ್ರಯೋಜನವಿಲ್ಲ. ನಮಾಝಿನ ಬಗ್ಗೆ ಅಲಕ್ಷ್ಯವಿರುವವರನ್ನೂ, ಸಣ್ಣಪುಟ್ಟ ಉಪಕಾರವನ್ನೂ ನಿರಾಕರಿಸುವವರನ್ನೂ ಅಲ್ ಮಾಊನ್ ಅಧ್ಯಾಯವು ಒಂದೇ ಉಸಿರಿನಲ್ಲಿ ಎಚ್ಚರಿಸುವುದು ಆಕಸ್ಮಿಕವಲ್ಲ. ಕೆಲವರಿಗೆ ಅಲ್ಲಾಹನ ಸಾಮೀಪ್ಯದ ಹಾದಿಯು ಮುಸಲ್ಲಾದಿಂದಲ್ಲ, ಸಹೋದರಿಯ ಮನೆಯ ಬಾಗಿಲು ತಟ್ಟುವುದರಿಂದ ಆರಂಭವಾಗುತ್ತದೆ.

ಈ ಹಾದಿಯ ಒಳ್ಳೆಯ ಮಾದರಿಯನ್ನೂ ನಮ್ಮ ನಗರ ಕಂಡಿದೆ. ಕೊರೋನಾದ ದಿನಗಳಲ್ಲಿ ಸ್ವಂತ ಬಂಧುಗಳೂ ಹತ್ತಿರ ಸುಳಿಯಲು ಅಂಜುತ್ತಿದ್ದಾಗ, ಮರ್ಸಿ ಮಿಷನ್‌ನಂತಹ ಕೂಟಗಳ ಸ್ವಯಂಸೇವಕರು ಧರ್ಮಭೇದವಿಲ್ಲದೆ ಮೃತರ ಅಂತ್ಯಸಂಸ್ಕಾರ ನೆರವೇರಿಸಿದರು. ಅವರವರ ಧರ್ಮದ ವಿಧಿಗೆ ಗೌರವ ಕೊಟ್ಟರು. ತಾನು ರೋಗಿಯಾಗಿದ್ದಾಗ ನೀನು ಏಕೆ ಬರಲಿಲ್ಲವೆಂದು ಅಂತ್ಯದಿನದಂದು ಅಲ್ಲಾಹನು ಕೇಳುವನು, ಇಂಥ ದಾಸನು ರೋಗಿಯಾಗಿದ್ದನು, ಅವನ ಬಳಿ ಹೋಗಿದ್ದರೆ ಅಲ್ಲಿ ನನ್ನನ್ನು ಕಾಣುತ್ತಿದ್ದೆ ಎಂದು ತಿಳಿಸುವನು ಎಂಬ ಆಶಯದ ಹದೀಸನ್ನು ನಾವೆಲ್ಲ ಕೇಳಿದ್ದೇವೆ. ಪಿಪಿಇ ಕಿಟ್ ಧರಿಸಿ ಬೆವರಿನಲ್ಲಿ ತೊಯ್ದು ಹೋದ ಆ ಯುವಕರು ಅದನ್ನು ಆಚರಿಸಿ ತೋರಿಸಿದರು.

ಆರಂಭ ಎಲ್ಲಿಂದ?

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ಸಹಜ. ದೊಡ್ಡ ಪ್ರತಿಜ್ಞೆಗಳಿಂದ ಬೇಡ. ಕಡಿಮೆಯಾದರೂ ನಿರಂತರವಾದ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ.

ಮೊದಲನೆಯದಾಗಿ, ನಿಮ್ಮ ಸ್ವಂತ ಭಾಷೆಯಲ್ಲಿ ಅಲ್ಲಾಹನೊಂದಿಗೆ ಮಾತನಾಡಿರಿ. ದಂಡು ಪ್ರದೇಶದ ನಮ್ಮ ಮನೆಗಳಲ್ಲಿ ದಖ್ಖನಿ ಉರ್ದು ಇದೆ, ಗಲ್ಲಿಯಲ್ಲಿ ತಮಿಳು ಇದೆ, ಶಾಲೆ ಕಚೇರಿಗಳಲ್ಲಿ ಕನ್ನಡ, ಇಂಗ್ಲಿಷ್ ಇವೆ. ನಮಾಝಿನ ಪಾರಾಯಣ ಅರಬಿಯಲ್ಲಿಯೇ ನಡೆಯುತ್ತದೆ. ಆದರೆ ನಮಾಝಿನ ಹೊರಗೆ ಮಾಡುವ ದುಆಕ್ಕೆ ಭಾಷೆಯ ಕಟ್ಟುಪಾಡಿಲ್ಲ. ಹಿಟ್ಟು ಕಲಸುತ್ತಾ ‘ಅಲ್ಲಾಹ್ ಮಿಯಾಂ’ ಎಂದು ಮಾತಿಗಿಳಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಅವರು ಮೊಮ್ಮಗನ ಜ್ವರವನ್ನೂ ಮುಗಿದುಹೋದ ಅಕ್ಕಿಯನ್ನೂ ಅವನ ಮುಂದೆ ಹೇಳಿಕೊಳ್ಳುತ್ತಿದ್ದರು. ವಿದ್ಯಾವಂತರಾದ ನಾವು ಆ ಸಲುಗೆಯನ್ನು ಕಳೆದುಕೊಂಡಿದ್ದೇವೆ.

ಎರಡನೆಯದಾಗಿ, ಓದುವುದನ್ನು ಅರ್ಥಮಾಡಿಕೊಳ್ಳಿರಿ. ನಮಾಝಿನಲ್ಲಿ ದಿನವೂ ಪುನರಾವರ್ತಿಸುವ ಫಾತಿಹಾ, ರುಕೂಅ್ ಮತ್ತು ಸಜ್ದಾಗಳ ತಸ್ಬೀಹ್, ಅತ್ತಹಿಯ್ಯಾತ್ ಇವುಗಳ ಅರ್ಥ ಕಲಿಯಲು ಒಂದು ತಿಂಗಳು ಸಾಕು. ಕನ್ನಡದಲ್ಲಿಯೂ ಉರ್ದುವಿನಲ್ಲಿಯೂ ಕುರ್‌ಆನ್ ಅನುವಾದಗಳು ಲಭ್ಯವಿವೆ. ದಿನಕ್ಕೆ ಐದು ಸೂಕ್ತಗಳನ್ನು ಮನೆಮಂದಿಯೆಲ್ಲ ಕುಳಿತು ಓದಿದರೆ ಅದು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ.

ಮೂರನೆಯದಾಗಿ, ಸಮಯವಿಲ್ಲ ಎಂಬ ನೆಪವನ್ನು ಪರಿಶೀಲಿಸಿರಿ. ಕೆ.ಆರ್. ಪುರಂನಿಂದ ಕೆಲಸಕ್ಕೆ ಹೊರಟವರು ಟಿನ್ ಫ್ಯಾಕ್ಟರಿ ಬಳಿ ವಾಹನಗಳ ಸಾಲಿನಲ್ಲಿ ಸಿಲುಕಿಕೊಂಡ ಹೊತ್ತನ್ನ ಲೆಕ್ಕ ಹಾಕಿದರೆ ತಿಂಗಳಿಗೆ ಎಷ್ಟು ಗಂಟೆಯಾದೀತು? ಆ ಹೊತ್ತಿಗೆ ಹಾರ್ನ್ ಬಾರಿಸುವ ಬದಲು ಝಿಕ್ರ್ ಮಾಡಬಹುದು. ಝಿಕ್ರ್‌ಗೆ ವುಝೂ ಕಡ್ಡಾಯವಲ್ಲ, ಮುಸಲ್ಲಾವೂ ಬೇಕಿಲ್ಲ. ಬೇಕಿರುವುದು ಮನಸ್ಸು ಮಾತ್ರ.

ನಾಲ್ಕನೆಯದಾಗಿ, ಈ ವಾರ ಒಬ್ಬ ಹಕ್ಕುದಾರನ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಿರಿ. ಸಾಲವಿರಬಹುದು, ಪಾಲಿರಬಹುದು, ನೋಯಿಸಿದ ಮಾತಿರಬಹುದು. ಮುಂದಿನ ಜುಮಾದ ಒಳಗೆ ಅವರನ್ನು ಭೇಟಿಯಾಗಿರಿ. ಪೂರ್ತಿ ಮರಳಿಸಲಾಗದಿದ್ದರೆ ಎಷ್ಟು, ಯಾವಾಗ ಎಂದು ಬರೆದು ಕೊಡಿರಿ.

ಸಹೋದರ ಸಹೋದರಿಯರೇ, ನಾಳೆ ನಮ್ಮನ್ನು ಕುದ್ದೂಸ್ ಸಾಹೇಬ್ ಕಬರಸ್ತಾನಕ್ಕೋ ಬೇರೊಂದು ಕಬರಸ್ತಾನಕ್ಕೋ ಹೊತ್ತೊಯ್ಯುವಾಗ ಮೊಹಲ್ಲಾದ ಜನರೆಲ್ಲ ಜೊತೆಗೆ ಬರುತ್ತಾರೆ. ಮೂರು ಹಿಡಿ ಮಣ್ಣು ಹಾಕಿ ದುಆ ಮಾಡಿ ಮರಳುತ್ತಾರೆ. ಇಮಾಮರೂ ಮರಳುತ್ತಾರೆ, ಮಕ್ಕಳೂ ಮರಳುತ್ತಾರೆ. ಅಲ್ಲಿಂದ ಮುಂದೆ ಉಳಿಯುವುದು ನಾವು ಮತ್ತು ನಮ್ಮ ಪ್ರಭು. ಅಂದು ಅವನೊಂದಿಗೆ ಪರಿಚಯ ಆರಂಭಿಸುವುದಕ್ಕಿಂತ ಇಂದೇ ಆರಂಭಿಸುವುದು ಲೇಸಲ್ಲವೇ? ತನ್ನೆಡೆಗೆ ನಡೆದು ಬರುವವನತ್ತ ತಾನು ಧಾವಿಸಿ ಬರುವೆನೆಂದು ಭರವಸೆ ಕೊಟ್ಟಿರುವ ಪ್ರಭು ಅವನು. ಮೊದಲ ಹೆಜ್ಜೆಯನ್ನಷ್ಟೇ ನಾವು ಇಡಬೇಕಾಗಿದೆ.

ಅಲ್ಲಾಹನು ನಮ್ಮ ಹೃದಯಗಳ ತುಕ್ಕನ್ನು ತೊಳೆಯಲಿ. ವಂಚನೆಗೊಳಗಾದವರಿಗೆ ನ್ಯಾಯವನ್ನೂ ಸಹನೆಯನ್ನೂ ಕರುಣಿಸಲಿ. ಇತರರ ಹಕ್ಕನ್ನು ಮರಳಿಸುವ ಧೈರ್ಯವನ್ನು ನಮಗೆ ನೀಡಲಿ. ಈ ನಗರದ ಎಲ್ಲ ಧರ್ಮೀಯರ ನಡುವೆ ಶಾಂತಿ, ಸೌಹಾರ್ದವನ್ನು ನೆಲೆಗೊಳಿಸಲಿ. ಆಮೀನ್.